ಪಿಕಪ್ ವಾಹನದ ಇ.ಸಿ.ಯು. ಬದಲಾವಣೆ: ಬಿಡಿಭಾಗ ವರ್ತಕನದು, ಬೀಗದ ಕೈ ಯಾರದು?

ರಾಜ್ಯದ ಸಗಟು ಮಾರುಕಟ್ಟೆಗಳಿಂದ ತಾಲ್ಲೂಕಿನ ಕಿರಾಣಿ ಅಂಗಡಿಗಳವರೆಗೆ, ಕೈಗಾರಿಕಾ ವಸಾಹತಿನ ಸಣ್ಣ ಕಾರ್ಖಾನೆಗಳಿಂದ ಬಿಡಿಭಾಗ ಕೊಳ್ಳುವ ದೊಡ್ಡ ಕಾರ್ಖಾನೆಗಳ ಬಾಗಿಲಿನವರೆಗೆ, ಸರಕಿನ ದೊಡ್ಡ ಪಾಲನ್ನು ಇಂದು ಹೊರುತ್ತಿರುವುದು ಪಿಕಪ್ ವಾಹನಗಳು. ಒಂದೂವರೆ ಟನ್ ಆಸುಪಾಸಿನ ಭಾರ ಹೊರುವ ಈ ವಾಹನ ಸಣ್ಣ ವರ್ತಕನ ಪಾಲಿಗೆ ಯಂತ್ರವೂ ಹೌದು, ಅಂಗಡಿಯ ವಿಸ್ತರಣೆಯೂ ಹೌದು. ಟೈರು, ಬ್ರೇಕು, ಕ್ಲಚ್ಚು, ಪಾಟಾಗಳ ಖರ್ಚನ್ನು ಅವನು ವರ್ಷದ ಲೆಕ್ಕದಲ್ಲಿ ಮೊದಲೇ ಹಿಡಿದಿರುತ್ತಾನೆ. ಆದರೆ ಇತ್ತೀಚಿನ ವರ್ಷಗಳಲ್ಲಿ ಅವನ ಖರ್ಚಿನ ಪುಸ್ತಕದಲ್ಲಿ ಹೊಸದೊಂದು ಬಾಬತ್ತು ಕಾಣಿಸಿಕೊಳ್ಳುತ್ತಿದೆ. ಗ್ಯಾರೇಜಿನ ಮಾತಿನಲ್ಲಿ ಇ.ಸಿ.ಎಂ. ಅಥವಾ ಇ.ಸಿ.ಯು. ಎಂದು ಕರೆಯಲ್ಪಡುವ ಎಂಜಿನ್ ನಿಯಂತ್ರಣ ಪೆಟ್ಟಿಗೆಯ ಬದಲಾವಣೆಯೇ ಅದು. ಈ ಬಾಬತ್ತಿನ ವಿಶೇಷವೆಂದರೆ, ಬಿಡಿಭಾಗವನ್ನು ಹಣ ಕೊಟ್ಟು ತಂದು, ನಾಲ್ಕು ಬೋಲ್ಟು ಬಿಗಿದು, ಸಾಕೆಟ್ಟು ಕೂಡಿಸಿದ ಮಾತ್ರಕ್ಕೆ ವಾಹನ ಚಾಲೂ ಆಗುವುದಿಲ್ಲ. ಕೊಂಡ ವಸ್ತು ಕೆಲಸ ಮಾಡಬೇಕಾದರೆ ಮತ್ತೊಬ್ಬರ ಅನುಮತಿ ಬೇಕು. ವಾಣಿಜ್ಯ ವಲಯ ಚರ್ಚಿಸಬೇಕಾದ ಪ್ರಶ್ನೆ ಇರುವುದು ಇಲ್ಲಿಯೇ.

ಒಂದು ತಲೆಮಾರಿನ ಹಿಂದೆ ಪರಿಸ್ಥಿತಿ ಹೀಗಿರಲಿಲ್ಲ. 1951ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಅಂದರೆ ಜನರ ಬಾಯಲ್ಲಿ 'ಮೈಕೋ', 2008ರಲ್ಲಿ ಬಾಷ್ ಲಿಮಿಟೆಡ್ ಎಂದು ಹೆಸರು ಬದಲಿಸಿಕೊಂಡಿತಾದರೂ, ಹಳೆಯ ಡೀಸೆಲ್ ಪಂಪನ್ನು ಇಂದಿಗೂ ಮೇಸ್ತ್ರಿಗಳು ಮೈಕೋ ಪಂಪು ಎಂದೇ ಕರೆಯುತ್ತಾರೆ. ಹೆದ್ದಾರಿಯ ಮೇಲಿನ ಪ್ರತಿ ಪಟ್ಟಣದಲ್ಲಿಯೂ ಆ ಪಂಪನ್ನು ಬಿಚ್ಚಿ, ಪರೀಕ್ಷಾ ಬೆಂಚಿನ ಮೇಲೆ ಕೂರಿಸಿ, ಗಾಜಿನ ನಳಿಕೆಗಳಲ್ಲಿ ಬಿದ್ದ ಎಣ್ಣೆಯನ್ನು ಅಳೆದು, ತಿರುಪು ತಿರುಗಿಸಿ ಸರಿಪಡಿಸಿ ಕೊಡುವ ಅಂಗಡಿಗಳಿದ್ದವು. ಅಳತೆಯ ಪಟ್ಟಿ ಗೋಡೆಯ ಮೇಲಿರುತ್ತಿತ್ತು. ವಾಹನದ ಮಾಲೀಕನಿಗೆ ಎರಡು ಮೂರು ಅಂಗಡಿಗಳ ನಡುವೆ ಆಯ್ಕೆ ಇತ್ತು. ದರ ಹೆಚ್ಚೆನಿಸಿದರೆ ಎದುರಿನ ಅಂಗಡಿಗೆ ಹೋಗುತ್ತಿದ್ದ.

ಕಾಮನ್ ರೈಲ್ ಡೀಸೆಲ್ ಎಂಜಿನ್ನು ಬಂದ ಮೇಲೆ ತಿರುಪಿನ ಜಾಗದಲ್ಲಿ ತಂತ್ರಾಂಶ ಬಂದು ಕುಳಿತಿತು. 1,600 ಬಾರ್‌ಗೂ ಮೀರಿದ ಒತ್ತಡದಲ್ಲಿ ನಿಂತ ಡೀಸೆಲನ್ನು, ಸೆಕೆಂಡಿನ ಸಾವಿರದ ಒಂದು ಪಾಲಿನ ಲೆಕ್ಕದಲ್ಲಿ ಇಂಜೆಕ್ಟರ್ ತೆರೆದು ಮುಚ್ಚಿ ಒಳಬಿಡುವ ಕೆಲಸ ಮನುಷ್ಯನ ಕೈಯಳತೆಗೆ ನಿಲುಕುವಂಥದಲ್ಲ. 1 ಏಪ್ರಿಲ್ 2017ರಂದು ದೇಶದಾದ್ಯಂತ ಬಿ.ಎಸ್. 4, 1 ಏಪ್ರಿಲ್ 2020ರಂದು ಬಿ.ಎಸ್. 6, ಅದರ ಎರಡನೆಯ ಹಂತ 1 ಏಪ್ರಿಲ್ 2023ರಂದು ಜಾರಿಗೆ ಬಂದವು. ಪ್ರತಿ ಹಂತದಲ್ಲಿಯೂ ಪೆಟ್ಟಿಗೆಯ ಜವಾಬ್ದಾರಿ ಹೆಚ್ಚಿತು. ಹೊಗೆಯ ಮಸಿ ಹಿಡಿಯುವ ಡಿ.ಪಿ.ಎಫ್. ಶೋಧಕ ಎಷ್ಟು ತುಂಬಿದೆ, ಅದನ್ನು ಯಾವಾಗ ಸುಟ್ಟು ಶುಚಿಗೊಳಿಸಬೇಕು ಎಂಬುದನ್ನೂ ಅದೇ ನಿರ್ಧರಿಸುತ್ತದೆ. ಗಾಳಿ ಶುದ್ಧವಾಗಬೇಕೆಂಬ ಉದ್ದೇಶವನ್ನು ಯಾವ ವರ್ತಕನೂ ವಿರೋಧಿಸಲಾರ. ಆದರೆ ಉದ್ದೇಶ ಸಾರ್ವಜನಿಕವಾದದ್ದು, ಸಾಧನ ಮಾತ್ರ ಕೆಲವರ ಕೈಯಲ್ಲಿದೆ ಎಂಬ ವೈಪರೀತ್ಯವನ್ನು ಗಮನಿಸದೆ ಇರಲಾಗದು.

ಕೆಟ್ಟದ್ದು ಪೆಟ್ಟಿಗೆಯೇ?

ವೆಚ್ಚದ ವಿಚಾರಕ್ಕೆ ಬರುವ ಮೊದಲು ಒಂದು ಸಂದೇಹವನ್ನು ಪರಿಹರಿಸಿಕೊಳ್ಳುವುದು ಅವಶ್ಯ. ಇ.ಸಿ.ಯು. ಕೆಟ್ಟಿದೆ ಎಂದು ಹೇಳಲಾಗುವ ಎಷ್ಟೋ ಪ್ರಕರಣಗಳಲ್ಲಿ ಕೆಟ್ಟಿರುವುದು ಇ.ಸಿ.ಯು. ಆಗಿರುವುದಿಲ್ಲ. ಚಾಸಿಗೆ ಬಿಗಿದ ಅರ್ಥಿಂಗ್ ತಂತಿ ತುಕ್ಕು ಹಿಡಿದಿರಬಹುದು. ವಿದ್ಯುತ್ ಪೂರೈಸುವ ರಿಲೇ ಸೋತಿರಬಹುದು. ಇಲಿ ಕಡಿದ ವೈರಿಂಗ್ ಇರಬಹುದು. ಅಕ್ಕಿ, ಬೇಳೆ, ಹಿಂಡಿ ಸಾಗಿಸುವ ವಾಹನಗಳಲ್ಲಿ ಇದು ಅಪರೂಪವೇನಲ್ಲ. ಪೆಟ್ಟಿಗೆಯು ಸೆನ್ಸರುಗಳಿಗೆ 5 ವೋಲ್ಟಿನ ವಿದ್ಯುತ್ತನ್ನು ಒದಗಿಸುತ್ತದೆ. ಒಂದೇ ಒಂದು ಸೆನ್ಸರು ಒಳಗೆ ಷಾರ್ಟ್ ಆದರೆ ಆ 5 ವೋಲ್ಟು ಕುಸಿದು, ಅದೇ ತಂತಿಯನ್ನು ಹಂಚಿಕೊಂಡ ಉಳಿದ ಸೆನ್ಸರುಗಳೂ ಸುಳ್ಳು ಹೇಳತೊಡಗುತ್ತವೆ. ಎಂಜಿನ್ ಚಾಲೂ ಆಗುವುದಿಲ್ಲ, ಪೆಟ್ಟಿಗೆಯೇ ಸತ್ತಂತೆ ತೋರುತ್ತದೆ. ಸೆನ್ಸರುಗಳ ಸಾಕೆಟ್ಟುಗಳನ್ನು ಒಂದೊಂದಾಗಿ ಕಳಚಿ ನೋಡುವ ತಾಳ್ಮೆಯುಳ್ಳ ಮೆಕ್ಯಾನಿಕ್ ಇದ್ದರೆ, ಐದಂಕಿಯ ಖರ್ಚು ಮೂರಂಕಿ ನಾಲ್ಕಂಕಿಯಲ್ಲಿ ಮುಗಿದೀತು.

ನಿಜಕ್ಕೂ ಪೆಟ್ಟಿಗೆ ಸುಟ್ಟಾಗ ಕಾರಣಗಳು ಬಹುಪಾಲು ವಾಹನದ ಹೊರಗಿನವು. ಹೊಸ ಪಿಕಪ್ಪಿಗೆ ಬಾಡಿ ಕಟ್ಟಿಸುವಾಗ, ಜಾಲರಿ, ಏಣಿ, ಹಗ್ಗದ ಕೊಂಡಿ ಕೂಡಿಸುವಾಗ, ಬ್ಯಾಟರಿಯ ಕೇಬಲ್ ಕಳಚದೆಯೇ ವೆಲ್ಡಿಂಗ್ ನಡೆಯುತ್ತದೆ. ವೆಲ್ಡಿಂಗಿನ ವಿದ್ಯುತ್ತು ಚಾಸಿಯ ಮೂಲಕ ತನಗೆ ಸುಲಭವಾದ ದಾರಿ ಹುಡುಕುತ್ತದೆ. ಕೆಲವೊಮ್ಮೆ ಆ ದಾರಿ ಪೆಟ್ಟಿಗೆಯ ಒಳಗಿನದಾಗಿರುತ್ತದೆ. ಬ್ಯಾಟರಿ ಇಳಿದಾಗ ಬೇರೊಂದು ವಾಹನದಿಂದ ತಂತಿ ಎಳೆದು ಚಾಲೂ ಮಾಡುವಾಗ ಪ್ಲಸ್ಸು ಮೈನಸ್ಸು ಅದಲುಬದಲಾಗುವುದು, 12 ವೋಲ್ಟಿನ ವಾಹನಕ್ಕೆ 24 ವೋಲ್ಟಿನ ಲಾರಿಯಿಂದ ವಿದ್ಯುತ್ ಕೊಡುವುದು, ಎಂಜಿನ್ ಭಾಗಕ್ಕೆ ಒತ್ತಡದ ನೀರು ಹೊಡೆಯುವುದು ಇವು ಉಳಿದ ಕಾರಣಗಳು. ಬಾಡಿ ಕಟ್ಟುವವರೊಂದಿಗೆ ದರ ಚೌಕಾಸಿ ಮಾಡುವ ಮಾಲೀಕ, ವೆಲ್ಡಿಂಗಿಗೆ ಮೊದಲು ಬ್ಯಾಟರಿಯ ಕೇಬಲ್ ಕಳಚಿ ಪೆಟ್ಟಿಗೆಯ ಸಾಕೆಟ್ಟುಗಳನ್ನು ಬಿಡಿಸಬೇಕೆಂಬ ಒಂದು ಸಾಲನ್ನು ಆರ್ಡರಿನಲ್ಲಿ ಬರೆಸಿದರೆ ಅದಕ್ಕೆ ಯಾವ ಖರ್ಚೂ ಇಲ್ಲ.

ಈ ಎಚ್ಚರಿಕೆ ಮುಖ್ಯವಾಗಲು ವಾಣಿಜ್ಯ ಕಾರಣವೊಂದಿದೆ. ಎಲೆಕ್ಟ್ರಾನಿಕ್ ಬಿಡಿಭಾಗಗಳನ್ನು ಒಮ್ಮೆ ಮಾರಿದ ಮೇಲೆ ಹಿಂದಕ್ಕೆ ಪಡೆಯುವುದಿಲ್ಲ ಎಂಬುದು ವ್ಯಾಪಾರದ ಸಾಮಾನ್ಯ ಷರತ್ತು. ಹೊಸ ಇ.ಸಿ.ಯು. ಒಂದು ವಾಹನದ ಚಾಸಿ ನಂಬರಿಗೆ ಹೊಂದಿಕೊಂಡ ಬಳಿಕ ಅದನ್ನು ಇನ್ನೊಬ್ಬರಿಗೆ ಮಾರುವುದೂ ಕಷ್ಟ. ಆದಕಾರಣ ಹೊಸದನ್ನು ತರಿಸುವ ಮೊದಲೇ ಏನೇನು ಪರೀಕ್ಷಿಸಲಾಯಿತು, ಯಾವ ವೋಲ್ಟೇಜು ಬಂತು, ಸ್ಕ್ಯಾನರಿನಲ್ಲಿ ಯಾವ ದೋಷ ಸಂಖ್ಯೆಗಳು ಕಂಡವು ಎಂಬುದನ್ನು ಬರಹದಲ್ಲಿ ಕೇಳಿ ಪಡೆಯುವುದು ಮಾಲೀಕನ ಹಕ್ಕೆಂದೇ ತಿಳಿಯಬೇಕು. ಬಾಯಿಮಾತಿನ ರೋಗನಿರ್ಣಯಕ್ಕೆ ಐದಂಕಿಯ ಚೆಕ್ಕು ಬರೆಯುವ ಪದ್ಧತಿ ಬೇರಾವ ಖರೀದಿಯಲ್ಲಿಯೂ ಇಲ್ಲ.

ಕೂರಿಸಿದ ನಂತರದ ಕೆಲಸ

ಹೊಸ ಪೆಟ್ಟಿಗೆಯನ್ನು ವಾಹನಕ್ಕೆ ಹೊಂದಿಸುವ ಕಾರ್ಯವನ್ನು ವರ್ತಕರು ಸ್ಥೂಲವಾಗಿಯಾದರೂ ಅರಿತಿರುವುದು ಲೇಸು. ಬಿಲ್ಲಿನಲ್ಲಿ 'ಪ್ರೋಗ್ರಾಮಿಂಗ್ ಚಾರ್ಜ್' ಎಂದು ಒಂದೇ ಸಾಲಿನಲ್ಲಿ ಬರುವ ಮೊತ್ತದ ಹಿಂದೆ ಏನಿದೆಯೆಂದು ತಿಳಿಯದಿದ್ದರೆ, ಅದು ನ್ಯಾಯವೋ ಅನ್ಯಾಯವೋ ಹೇಳಲಾಗದು.

ಹಳೆಯ ಪೆಟ್ಟಿಗೆ ಸ್ಕ್ಯಾನರಿನೊಡನೆ ಇನ್ನೂ ಮಾತನಾಡುತ್ತಿದ್ದರೆ ಅದರಲ್ಲಿರುವ ಮಾಹಿತಿಯನ್ನು ಮೊದಲು ತೆಗೆದಿಟ್ಟುಕೊಳ್ಳಬೇಕು. ಚಾಸಿ ನಂಬರು, ವಾಹನದ ಮಾದರಿಯ ಸಂಕೇತ, ಇಂಜೆಕ್ಟರುಗಳ ಸಂಕೇತ, ಶೋಧಕದಲ್ಲಿ ತುಂಬಿರುವ ಮಸಿ ಮತ್ತು ಬೂದಿಯ ಲೆಕ್ಕ, ಎಂಜಿನ್ನು ಓಡುತ್ತ ಓಡುತ್ತ ಕಲಿತುಕೊಂಡ ತಿದ್ದುಪಡಿಗಳು ಅದರಲ್ಲಿರುತ್ತವೆ. ಪೂರ್ತಿ ಸತ್ತ ಪೆಟ್ಟಿಗೆಯಾದರೆ ಇವೆಲ್ಲವನ್ನೂ ಬೇರೆ ಕಡೆಯಿಂದ ಸಂಗ್ರಹಿಸಬೇಕಾಗುತ್ತದೆ. ಹೊಸದರ ಬಿಡಿಭಾಗ ಸಂಖ್ಯೆ ಹಳೆಯದಕ್ಕೆ ತಾಳೆಯಾಗಬೇಕು. ಹೊರನೋಟಕ್ಕೆ ಒಂದೇ ಅಚ್ಚಿನಂತಿರುವ ಎರಡು ಪೆಟ್ಟಿಗೆಗಳ ಒಳಗಿನ ತಂತ್ರಾಂಶ ಬೇರೆ ಬೇರೆ ಇರಬಹುದು. ತಂತ್ರಾಂಶ ತುಂಬುವ ಸಮಯದಲ್ಲಿ ಬ್ಯಾಟರಿಯ ವೋಲ್ಟೇಜು ಕುಸಿದರೆ ಅರ್ಧ ತುಂಬಿದ ಪೆಟ್ಟಿಗೆ ನಿಷ್ಪ್ರಯೋಜಕವಾಗುವ ಅಪಾಯವಿರುವುದರಿಂದ, ಸ್ಥಿರ ವೋಲ್ಟೇಜು ಕೊಡುವ ಚಾರ್ಜರ್ ಜೋಡಿಸಿಯೇ ಆ ಕೆಲಸ ಮಾಡಬೇಕು. ಈ ಚಾರ್ಜರ್ ಇಲ್ಲದ ಕಡೆ ಪ್ರೋಗ್ರಾಮಿಂಗ್ ಮಾಡಿಸದಿರುವುದೇ ಒಳ್ಳೆಯದು.

ಅನಂತರ ಬರುವುದು ಕಳ್ಳತನ ನಿರೋಧಕ ವ್ಯವಸ್ಥೆ. ಇಮೊಬಿಲೈಸರ್ ಇರುವ ವಾಹನದಲ್ಲಿ ಕೀಲಿಯೊಳಗಿನ ಚಿಪ್ಪಿನ ಗುರುತು ಪೆಟ್ಟಿಗೆಗೆ ತಿಳಿದಿರದಿದ್ದರೆ ಸ್ಟಾರ್ಟರ್ ತಿರುಗಿದರೂ ಎಂಜಿನ್ನು ಹಿಡಿಯುವುದಿಲ್ಲ, ಅಥವಾ ಒಂದೆರಡು ಕ್ಷಣ ಹಿಡಿದು ನಿಂತುಹೋಗುತ್ತದೆ. ಹೊಸ ಪೆಟ್ಟಿಗೆಗೂ ಕೀಲಿಗಳಿಗೂ ಪರಿಚಯ ಮಾಡಿಸಲು ಬೇಕಾದ ರಹಸ್ಯ ಸಂಖ್ಯೆ ತಯಾರಕರ ಬಳಿ ಇರುತ್ತದೆ. ಪರಿಚಯದ ಸಮಯದಲ್ಲಿ ವಾಹನದ ಎಲ್ಲ ಕೀಲಿಗಳೂ ಹಾಜರಿರಬೇಕಾಗುವುದು ಸಾಮಾನ್ಯ. ಚಾಲಕನ ಬಳಿ ಒಂದು, ಮನೆಯ ಬೀರುವಿನಲ್ಲಿ ಒಂದು ಇರಬೇಕಾದ ಕಡೆ, ಎರಡನೆಯದು ಹಿಂದಿನ ಚಾಲಕನೊಡನೆಯೇ ಹೋಗಿದ್ದರೆ ಅದರ ಬೆಲೆ ಅರಿವಾಗುವುದು ಈ ಹೊತ್ತಿನಲ್ಲಿ.

ಇಂಜೆಕ್ಟರುಗಳದ್ದು ಇನ್ನೊಂದು ಕಥೆ. ಎಷ್ಟೇ ನಿಖರವಾಗಿ ತಯಾರಿಸಿದರೂ ಯಾವ ಎರಡು ಇಂಜೆಕ್ಟರುಗಳೂ ಒಂದೇ ಪ್ರಮಾಣದ ಡೀಸೆಲ್ ಚಿಮ್ಮಿಸುವುದಿಲ್ಲ. ಆ ಸೂಕ್ಷ್ಮ ವ್ಯತ್ಯಾಸವನ್ನು ಕಾರ್ಖಾನೆಯಲ್ಲಿಯೇ ಅಳೆದು, ಅಕ್ಷರ ಮತ್ತು ಅಂಕಿಗಳ ಸಂಕೇತವಾಗಿ ಪ್ರತಿ ಇಂಜೆಕ್ಟರಿನ ತಲೆಯ ಮೇಲೆ ಕೆತ್ತಿರುತ್ತಾರೆ. ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ ನಾಲ್ಕೂ ಸಂಕೇತಗಳನ್ನು ಆಯಾ ಸಿಲಿಂಡರಿನ ಕ್ರಮದಲ್ಲಿ ಹೊಸ ಪೆಟ್ಟಿಗೆಗೆ ಉಣಿಸಬೇಕು. ಈ ಹಂತವನ್ನು ಬಿಟ್ಟರೂ ವಾಹನ ಓಡೀತು. ಆದರೆ ಐಡ್ಲಿಂಗಿನಲ್ಲಿ ನಡುಗುತ್ತದೆ, ಹೊಗೆ ಉಗುಳುತ್ತದೆ, ಡೀಸೆಲ್ ಹೆಚ್ಚು ಕುಡಿಯುತ್ತದೆ, ಶೋಧಕ ಬೇಗ ಕಟ್ಟಿಕೊಳ್ಳುತ್ತದೆ. ಓಡುತ್ತಿದೆಯಲ್ಲ ಎಂಬ ಸಮಾಧಾನದಲ್ಲಿ ವಾಹನ ಮನೆಗೆ ಬರುತ್ತದೆ, ನಷ್ಟ ತಿಂಗಳುಗಟ್ಟಲೆ ಡೀಸೆಲ್ ಬಿಲ್ಲಿನಲ್ಲಿ ಹಂಚಿಹೋಗುತ್ತದೆ. ಯಾವ ಲೆಕ್ಕಪತ್ರದಲ್ಲಿಯೂ ಅದಕ್ಕೆ ಪ್ರತ್ಯೇಕ ಶೀರ್ಷಿಕೆ ಇರುವುದಿಲ್ಲ.

ಶೋಧಕದ ಮಸಿಯ ಲೆಕ್ಕವೂ ಹೀಗೆಯೇ. ಲಕ್ಷ ಕಿಲೋಮೀಟರು ಓಡಿದ ವಾಹನಕ್ಕೆ ಬಂದ ಹೊಸ ಪೆಟ್ಟಿಗೆ, ಶೋಧಕವೂ ಹೊಸದೆಂದೇ ನಂಬಿ ಕೂರುತ್ತದೆ. ಹಳೆಯ ಬೂದಿಯ ಪ್ರಮಾಣವನ್ನು ಅದಕ್ಕೆ ತಿಳಿಸದಿದ್ದರೆ ಶುಚಿಗೊಳಿಸುವ ಲೆಕ್ಕ ತಪ್ಪುತ್ತದೆ. ಸಾಗಣೆ ವಾಹನಗಳ ಗಂಟೆಗೆ 80 ಕಿ.ಮೀ. ವೇಗಮಿತಿ ಎಷ್ಟೋ ಮಾದರಿಗಳಲ್ಲಿ ಪೆಟ್ಟಿಗೆಯ ತಂತ್ರಾಂಶದಲ್ಲಿಯೇ ಅಡಕವಾಗಿರುವುದರಿಂದ ಅದು ಸರಿಯಾಗಿ ಬಂದಿದೆಯೇ ಎಂದೂ ನೋಡಬೇಕು. ಎಲ್ಲವೂ ಮುಗಿದ ಮೇಲೆ ಖಾಲಿ ವಾಹನವನ್ನು ಗ್ಯಾರೇಜಿನ ಸುತ್ತ ಒಂದು ಸುತ್ತು ಹಾಕಿಸಿದರೆ ಸಾಲದು. ಮಾಮೂಲಿ ಭಾರ ಹೇರಿ, ಏರಿನಲ್ಲಿ ಓಡಿಸಿ, ಮತ್ತೊಮ್ಮೆ ಸ್ಕ್ಯಾನರ್ ಹಚ್ಚಿ ದೋಷ ಸಂಖ್ಯೆಗಳು ಮರಳಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು.

ಇಷ್ಟೂ ಕೆಲಸಕ್ಕೆ, ಎಲ್ಲವೂ ಕೈಯಲ್ಲಿದ್ದರೆ, ಬಲ್ಲವನಿಗೆ ಬೇಕಾಗುವುದು ಕೆಲವು ಗಂಟೆಗಳು. ಆದರೆ ವಾಹನ ನಿಲ್ಲುವುದು ದಿನಗಟ್ಟಲೆ. ಬಿಡಿಭಾಗಕ್ಕಾಗಿ ಕಾಯುವುದು ಒಂದೆಡೆ; ರಹಸ್ಯ ಸಂಖ್ಯೆಗಾಗಿ, ಅನುಮತಿಯಿರುವ ತಂತ್ರಜ್ಞನ ಸರದಿಗಾಗಿ ಕಾಯುವುದು ಇನ್ನೊಂದೆಡೆ. ತಾಲ್ಲೂಕಿನ ಮೆಕ್ಯಾನಿಕ್ ರೋಗವನ್ನು ಸರಿಯಾಗಿ ಗುರುತಿಸಬಲ್ಲ, ಪೆಟ್ಟಿಗೆಯನ್ನು ಕೂರಿಸಬಲ್ಲ. ಕೊನೆಯ ಹಂತಕ್ಕೆ ಮಾತ್ರ ವಾಹನವನ್ನು ಎಳೆಸಿಕೊಂಡು ಜಿಲ್ಲಾ ಕೇಂದ್ರದ ಅಧಿಕೃತ ಸೇವಾ ಕೇಂದ್ರಕ್ಕೆ ಹೋಗಲೇಬೇಕು.

ನಿಂತ ವಾಹನದ ಲೆಕ್ಕ

ನಷ್ಟವನ್ನು ಲೆಕ್ಕ ಹಾಕುವಾಗ ವರ್ತಕರಲ್ಲಿ ಒಂದು ರೂಢಿಯ ತಪ್ಪು ಕಂಡುಬರುತ್ತದೆ. ಸಾಲದ ಕಂತು, ಚಾಲಕನ ಸಂಬಳ, ವಿಮೆ ಎಲ್ಲವನ್ನೂ ದಿನಕ್ಕೆ ಹಂಚಿ, ನಿಂತ ದಿನಗಳ ನಷ್ಟವೆಂದು ತೋರಿಸುತ್ತಾರೆ. ವಾಹನ ಓಡಿದರೂ ನಿಂತರೂ ಈ ಖರ್ಚುಗಳು ತಪ್ಪುವುದಿಲ್ಲವಾದ್ದರಿಂದ ಅವನ್ನು ದುರಸ್ತಿಯ ತಲೆಗೆ ಕಟ್ಟುವುದು ಸರಿಯಲ್ಲ. ಉದಾಹರಣೆಗೆ, ತರಕಾರಿಯ ಸಗಟು ವರ್ತಕನೊಬ್ಬ ತನ್ನ ಪಿಕಪ್ ನಿಂತ ಕಾರಣ ದಿನಕ್ಕೆ 3,200 ರೂಪಾಯಿ ಬಾಡಿಗೆಯ ವಾಹನ ಹಿಡಿದನೆಂದು ಭಾವಿಸಬಹುದು. ಸ್ವಂತ ವಾಹನದ ಡೀಸೆಲ್, ಟೈರು ಸವೆತ ಸೇರಿ ದಿನಕ್ಕೆ 1,400 ರೂಪಾಯಿ ಅವನಿಗೆ ಉಳಿಯುತ್ತದೆ. ನಿಜವಾದ ಹೆಚ್ಚುವರಿ ಹೊರೆ ದಿನಕ್ಕೆ 1,800 ರೂಪಾಯಿ. 12 ದಿನಕ್ಕೆ 21,600 ರೂಪಾಯಿ. ಇದರ ಮೇಲೆ ಎಳೆಸಿಕೊಂಡು ಹೋದ ಖರ್ಚು. ಹೀಗೆ ಬಿಗಿಯಾಗಿ ಲೆಕ್ಕ ಹಾಕಿದರೂ ಕಾಯುವಿಕೆಯ ವೆಚ್ಚವು ಬಿಡಿಭಾಗದ ಬೆಲೆಯೊಡನೆ ಪೈಪೋಟಿಗೆ ನಿಲ್ಲುತ್ತದೆ. ಕೆಲವು ಗಂಟೆಗಳ ಕೆಲಸಕ್ಕೆ 12 ದಿನ ತಗುಲಿದರೆ, ಆ ಹೊರೆ ತಂತ್ರಜ್ಞಾನದ ಬೆಲೆಯಲ್ಲ, ಪ್ರವೇಶ ನಿರ್ಬಂಧದ ಬೆಲೆ.

ಬಾಡಿಗೆಗೆ ವಾಹನ ಓಡಿಸುವ ಸಣ್ಣ ಮಾಲೀಕರ ಸ್ಥಿತಿ ಇನ್ನೂ ಸೂಕ್ಷ್ಮ. ಹತ್ತಕ್ಕೆ ಮೀರದ ಸರಕು ವಾಹನಗಳುಳ್ಳವರಿಗಾಗಿ 1961ರ ಆದಾಯ ತೆರಿಗೆ ಕಾಯ್ದೆಯ 44ಎಇ ಕಲಮಿನಡಿ ರೂಪುಗೊಂಡ ಅಂದಾಜು ಆದಾಯ ಪದ್ಧತಿಯಲ್ಲಿ, ಭಾರಿ ವಾಹನವಲ್ಲದ ಪ್ರತಿ ವಾಹನಕ್ಕೆ ತಿಂಗಳಿಗೆ 7,500 ರೂಪಾಯಿ ಆದಾಯವೆಂದು ಗಣನೆ. ಇಲ್ಲಿ ಎಣಿಕೆಗೆ ಬರುವುದು ವಾಹನ ಮಾಲೀಕನ ಹೆಸರಿನಲ್ಲಿರುವ ತಿಂಗಳುಗಳೇ ಹೊರತು ಅದು ರಸ್ತೆಯ ಮೇಲೆ ಓಡಿದ ತಿಂಗಳುಗಳಲ್ಲ. ಇ.ಸಿ.ಯು.ಗಾಗಿ ಕಾಯುತ್ತ ಇಡೀ ತಿಂಗಳು ಗ್ಯಾರೇಜಿನಲ್ಲಿ ನಿಂತ ಪಿಕಪ್ಪೂ ಕಾನೂನಿನ ಕಣ್ಣಿನಲ್ಲಿ 7,500 ರೂಪಾಯಿ ದುಡಿದಿರುತ್ತದೆ. ದುರಸ್ತಿಯ ಬಿಲ್ಲನ್ನು ಬೇರೆಯಾಗಿ ಕಳೆಯುವ ಅವಕಾಶವೂ ಆ ಪದ್ಧತಿಯಲ್ಲಿಲ್ಲ.

ನಿಯತವಾಗಿ ಲೆಕ್ಕಪತ್ರ ಇಡುವವರಿಗೆ ಪರಿಸ್ಥಿತಿ ಉತ್ತಮ. ಕೆಟ್ಟ ಪೆಟ್ಟಿಗೆಯ ಜಾಗದಲ್ಲಿ ಅಂಥದೇ ಪೆಟ್ಟಿಗೆ ಕೂರಿಸುವುದರಿಂದ ಹೊಸ ಆಸ್ತಿಯೇನೂ ಹುಟ್ಟುವುದಿಲ್ಲ, ಇದ್ದ ಆಸ್ತಿ ಉಳಿಯುತ್ತದೆ. ಆದ್ದರಿಂದ ಅದು ಚಾಲ್ತಿ ದುರಸ್ತಿಯ ಖರ್ಚು. ಸರ್ವೋಚ್ಚ ನ್ಯಾಯಾಲಯವು 2007ರಲ್ಲಿ ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ ನೂಲಿನ ಗಿರಣಿಯ ಇಡೀ ರಿಂಗ್ ಫ್ರೇಮನ್ನು ಬದಲಿಸಿದ್ದು ಚಾಲ್ತಿ ದುರಸ್ತಿಯಲ್ಲವೆಂದು ಹೇಳಿತ್ತು. ಅಲ್ಲಿ ಬದಲಾದದ್ದು ಸ್ವತಂತ್ರ ಯಂತ್ರ. ಇಲ್ಲಿ ಬದಲಾಗುವುದು ಯಂತ್ರದ ಒಂದು ಅಂಗ. ಎರಡನ್ನೂ ಗೊಂದಲ ಮಾಡಿಕೊಂಡು ಪೆಟ್ಟಿಗೆಯನ್ನು ಆಸ್ತಿಯ ಖಾತೆಗೆ ಏರಿಸುವ ಅಗತ್ಯವಿಲ್ಲ. ಸರಕು ಮತ್ತು ಸೇವಾ ತೆರಿಗೆಯಲ್ಲಿಯೂ ಹೂಡುವಳಿ ತೆರಿಗೆ ಜಮೆಗೆ ಇರುವ ತಡೆ ಪ್ರಯಾಣಿಕರ ಸಣ್ಣ ವಾಹನಗಳದ್ದು; ಸರಕು ಸಾಗಣೆಯ ವಾಹನದ ದುರಸ್ತಿಗೆ ಆ ತಡೆ ಇಲ್ಲ. 22 ಸೆಪ್ಟೆಂಬರ್ 2025ರಿಂದ ವಾಹನದ ಬಿಡಿಭಾಗಗಳೆಲ್ಲ ಶೇ. 18ರ ದರಕ್ಕೆ ಬಂದಿರುವಾಗ, ನೋಂದಾಯಿತ ವರ್ತಕ ತನ್ನ ಜಿ.ಎಸ್.ಟಿ. ಸಂಖ್ಯೆಯನ್ನು ಬಿಲ್ಲಿನಲ್ಲಿ ನಮೂದಿಸಲು ಮರೆತರೆ ಕಳೆದುಕೊಳ್ಳುವುದು ಸಣ್ಣ ಮೊತ್ತವಲ್ಲ. ರಾಜಿ ತೆರಿಗೆ ಪದ್ಧತಿಯವರಿಗೆ ಮಾತ್ರ ಈ ಸೌಲಭ್ಯವಿಲ್ಲ.

ವಿಮೆಯ ಮೇಲೆ ಹೆಚ್ಚಿನ ಭರವಸೆ ಇಡುವಂತಿಲ್ಲ. ಸಾಮಾನ್ಯ ಮೋಟಾರು ವಿಮೆಯಲ್ಲಿ ಯಾಂತ್ರಿಕ ಹಾಗೂ ವಿದ್ಯುತ್ ಸಂಬಂಧಿ ಕೆಡುಕು ಹೊರತು ಎಂದೇ ಬರೆದಿರುತ್ತದೆ. ಅಪಘಾತದಿಂದಲೋ ಪ್ರವಾಹದಿಂದಲೋ ಪೆಟ್ಟಿಗೆ ಹಾಳಾಗಿದ್ದರೆ ವಿಚಾರ ಬೇರೆ. ಆಗ ಹಳೆಯ ಪೆಟ್ಟಿಗೆಯನ್ನು ಸರ್ವೇಯರ್ ನೋಡುವವರೆಗೆ ಕಳಚದಿರುವುದು ಉಚಿತ.

ಗುಜರಿಯ ದಾರಿ

ಹೊಸದು ದುಬಾರಿ, ವಿಳಂಬ ಎಂದಾಗ ಮಾಲೀಕ ಹಳೆಯ ಬಿಡಿಭಾಗಗಳ ಕಡೆ ತಿರುಗುವುದು ಸಹಜ. ಬೆಂಗಳೂರಿನ ಶಿವಾಜಿನಗರದ ಗುಜರಿಯಿಂದ ಹಿಡಿದು ಸಣ್ಣ ಪಟ್ಟಣಗಳ ಗುಜರಿ ಅಂಗಡಿಗಳವರೆಗೆ ಕಳಚಿದ ವಾಹನಗಳ ಇ.ಸಿ.ಯು. ದೊರೆಯಬಹುದು. ಆದರೆ ಅದು ಬೇರೊಂದು ವಾಹನದ ಚಾಸಿ ನಂಬರು, ಬೇರೊಂದು ಕೀಲಿಯ ಗುರುತನ್ನು ಹೊತ್ತು ಬಂದಿರುತ್ತದೆ. ಎಷ್ಟೋ ಮಾದರಿಗಳಲ್ಲಿ ಅದನ್ನು ಅಳಿಸಲು ತಯಾರಕರ ಉಪಕರಣಗಳೂ ಒಪ್ಪುವುದಿಲ್ಲ. ಕೀಲಿಯ ತಡೆಯನ್ನೇ ತಂತ್ರಾಂಶದಿಂದ ತೆಗೆದುಕೊಡುವ, ಜೊತೆಗೆ ಶೋಧಕದ ಕಾಟವನ್ನೂ ತಪ್ಪಿಸಿಕೊಡುವ ಲ್ಯಾಪ್‌ಟಾಪ್ ಪಂಡಿತರಿದ್ದಾರೆ. ಕಳ್ಳತನ ನಿರೋಧಕವನ್ನು ತೆಗೆಸಿದ ವಾಹನ ಕಳುವಾದಾಗ ವಿಮಾ ಕಂಪನಿಗೆ ಏನು ಉತ್ತರ ಹೇಳುವುದು? ಮಾಲಿನ್ಯ ನಿಯಂತ್ರಣ ವ್ಯವಸ್ಥೆಯನ್ನು ಕಳಚಿಸುವುದು ವಾಹನದ ಮೂಲ ಸ್ವರೂಪದ ಬದಲಾವಣೆಯನ್ನು ನಿರ್ಬಂಧಿಸುವ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿಗೆ ಸಿಲುಕುವ ಕೆಲಸ. ಬಿಲ್ಲಿಲ್ಲದ ಇ.ಸಿ.ಯು. ಕದ್ದ ವಾಹನದ್ದಾಗಿದ್ದರೆ ಅದರೊಳಗಿನ ಚಾಸಿ ನಂಬರೇ ಸಾಕ್ಷಿಯಾಗಿ ನಿಲ್ಲುತ್ತದೆ. ದಿನವೊಂದಕ್ಕೆ ಒಬ್ಬರಿಗೆ 10,000 ರೂಪಾಯಿ ಮೀರಿ ನಗದು ಕೊಟ್ಟ ಖರ್ಚು ಆದಾಯ ತೆರಿಗೆಯಲ್ಲಿ ಸಾಮಾನ್ಯವಾಗಿ ಮಾನ್ಯವಾಗುವುದಿಲ್ಲ ಎಂಬುದೂ ನೆನಪಿರಬೇಕು. ಒಟ್ಟಿನಲ್ಲಿ ಅಗ್ಗದ ದಾರಿ ಅಗ್ಗವಲ್ಲ. ಆದರೆ ನೇರ ದಾರಿಗೆ ಅಡ್ಡಗೋಡೆ ಹಾಕಿದವರು, ಜನ ಅಡ್ಡದಾರಿ ಹಿಡಿದರೆಂದು ದೂರುವಲ್ಲಿ ಅರ್ಥವಿಲ್ಲ.

ಪರರಾಷ್ಟ್ರಗಳ ಅನುಭವ

ಪಿಕಪ್ ವಾಹನದ ತವರಾದ ಅಮೆರಿಕದಲ್ಲಿ ಈ ವಾಗ್ವಾದ ಹಳೆಯದು. ಈ ಶತಮಾನದ ಆರಂಭದ ವರ್ಷಗಳ ಜನರಲ್ ಮೋಟಾರ್ಸ್ ಪಿಕಪ್ಪುಗಳಲ್ಲಿ ಹಲವು, ಹೊಸ ಪೆಟ್ಟಿಗೆಗೆ ಕಳ್ಳತನ ನಿರೋಧಕವನ್ನು ಪರಿಚಯಿಸಲು ಯಾವ ಉಪಕರಣವನ್ನೂ ಕೇಳುತ್ತಿರಲಿಲ್ಲ. ಕೀಲಿಯನ್ನು ಆನ್ ಸ್ಥಿತಿಯಲ್ಲಿ 10 ನಿಮಿಷದಂತೆ ಮೂರು ಬಾರಿ ಇಟ್ಟರೆ ಪೆಟ್ಟಿಗೆ ತಾನೇ ಕಲಿತುಕೊಳ್ಳುತ್ತಿತ್ತು. ಅರ್ಧ ಗಂಟೆ ಕಾದು ಕೂರುವ ತಾಳ್ಮೆ ಕಳ್ಳನಿಗಿರುವುದಿಲ್ಲ, ಮಾಲೀಕನಿಗಿರುತ್ತದೆ ಎಂಬುದು ಅದರ ಹಿಂದಿನ ಸರಳ ತರ್ಕ. ತಂತ್ರಾಂಶ ತುಂಬುವ ವಿಷಯದಲ್ಲಿ ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ, ಮಾಲಿನ್ಯಕ್ಕೆ ಸಂಬಂಧಿಸಿದ ತಂತ್ರಾಂಶವನ್ನು ಸ್ವತಂತ್ರ ಗ್ಯಾರೇಜುಗಳೂ ತುಂಬಲು ಸಾಧ್ಯವಾಗುವಂತೆ ಜೆ 2534 ಎಂಬ ಸಾಮಾನ್ಯ ಮಾನಕವನ್ನು 2004ರ ಮಾದರಿ ವರ್ಷದಿಂದ ಕಡ್ಡಾಯಗೊಳಿಸಿತು. ಒಂದೇ ಉಪಕರಣವನ್ನು ಬೇರೆ ಬೇರೆ ತಯಾರಕರ ವಾಹನಗಳಿಗೆ ಬಳಸಬಹುದು. ತಂತ್ರಾಂಶಕ್ಕೆ ತಯಾರಕರಿಗೆ ಶುಲ್ಕ ಸಂದಾಯವಾಗುತ್ತದೆ. ಮ್ಯಾಸಚೂಸೆಟ್ಸ್ ರಾಜ್ಯದ ಮತದಾರರು 2012ರಲ್ಲಿ ದುರಸ್ತಿಯ ಹಕ್ಕಿನ ಪರ ಮತ ಹಾಕಿದರು. 2014ರಲ್ಲಿ ತಯಾರಕರ ಒಕ್ಕೂಟಗಳು ಅದೇ ತತ್ವವನ್ನು ದೇಶದಾದ್ಯಂತ ಅನ್ವಯಿಸಲು ಒಡಂಬಡಿಕೆ ಮಾಡಿಕೊಂಡವು. ಐರೋಪ್ಯ ಒಕ್ಕೂಟವು 2007ರ ನಿಯಮದಲ್ಲಿಯೇ ದುರಸ್ತಿ ಮಾಹಿತಿಯನ್ನು ಸ್ವತಂತ್ರ ಗ್ಯಾರೇಜುಗಳಿಗೂ ತೆರೆದಿಡಬೇಕೆಂದು ವಿಧಿಸಿತು. ಈ ಯಾವ ದೇಶದಲ್ಲಿಯೂ ತಯಾರಕರು ಇದರಿಂದ ಬಾಗಿಲು ಮುಚ್ಚಲಿಲ್ಲ.

ಭಾರತದಲ್ಲಿಯೂ ಪ್ರಯತ್ನ ನಡೆದಿಲ್ಲವೆಂದಲ್ಲ. ಭಾರತೀಯ ಸ್ಪರ್ಧಾ ಆಯೋಗವು 25 ಆಗಸ್ಟ್ 2014ರಂದು, ಬಿಡಿಭಾಗ ಹಾಗೂ ದೋಷಪತ್ತೆ ಉಪಕರಣಗಳನ್ನು ಸ್ವತಂತ್ರ ಗ್ಯಾರೇಜುಗಳಿಗೆ ದೊರೆಯದಂತೆ ಮಾಡಿದ್ದಕ್ಕಾಗಿ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಹೆಚ್ಚಿನ ದಂಡ ವಿಧಿಸಿತು. ಪ್ರಕರಣ ಮೇಲ್ಮನವಿಗಳ ಹಾದಿ ಹಿಡಿಯಿತು. ಮೂರು ಕಂಪನಿಗಳ ಮಟ್ಟಿಗೆ 2016ರ ಡಿಸೆಂಬರಿನಲ್ಲಿ ಮೇಲ್ಮನವಿ ನ್ಯಾಯಮಂಡಳಿ ತಪ್ಪನ್ನು ಎತ್ತಿಹಿಡಿದು ದಂಡದ ಲೆಕ್ಕವನ್ನು ಮಾತ್ರ ಕಿರಿದುಗೊಳಿಸಿತು. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ಜುಲೈ 2022ರಲ್ಲಿ ದುರಸ್ತಿ ಹಕ್ಕಿನ ಬಗ್ಗೆ ಸಮಿತಿ ರಚಿಸಿ, ಅದೇ ವರ್ಷ 24 ಡಿಸೆಂಬರಿನಂದು ಜಾಲತಾಣವನ್ನೂ ತೆರೆಯಿತು. ಕೃಷಿ ಉಪಕರಣ, ಮೊಬೈಲ್ ಮತ್ತು ಎಲೆಕ್ಟ್ರಾನಿಕ್ ವಸ್ತುಗಳು, ಗೃಹೋಪಯೋಗಿ ಸಾಧನಗಳ ಜೊತೆ ಮೋಟಾರು ವಾಹನಗಳೂ ಅದರ ವ್ಯಾಪ್ತಿಯಲ್ಲಿವೆ. ಆದರೆ ಆಯೋಗದ ಆದೇಶ ಕಾರುಗಳ ಕುರಿತದ್ದು. ದುರಸ್ತಿ ಹಕ್ಕಿನ ಮಾತಿನಲ್ಲಿಯೂ ಕಣ್ಣ ಮುಂದಿರುವುದು ಮನೆಬಳಕೆಯ ಗ್ರಾಹಕ. ದುಡಿಮೆಗಾಗಿ ವಾಹನ ಕೊಂಡ ವರ್ತಕ, ಗ್ರಾಹಕನೂ ಅಲ್ಲ ದೊಡ್ಡ ಉದ್ಯಮಿಯೂ ಅಲ್ಲ ಎಂಬ ನಡುಮನೆಯಲ್ಲಿ ಉಳಿದಿದ್ದಾನೆ. ಅವನ ಪರವಾಗಿ ಮಾತನಾಡಬೇಕಾದವರು ವಾಣಿಜ್ಯ ಸಂಸ್ಥೆಗಳೇ.

ತಯಾರಕರ ವಾದವನ್ನೂ ತಳ್ಳಿಹಾಕುವಂತಿಲ್ಲ. ರಹಸ್ಯ ಸಂಖ್ಯೆಗಳು ಬೀದಿಗೆ ಬಿದ್ದರೆ ಕಳ್ಳರಿಗೆ ಅನುಕೂಲ, ಅರೆಬೆಂದ ತಂತ್ರಜ್ಞನ ಕೈಗೆ ತಂತ್ರಾಂಶ ಸಿಕ್ಕರೆ ಮಾಲಿನ್ಯ ಎಂಬುದು ನಿಜ. ಆದರೆ ಇದಕ್ಕೆ ಪರಿಹಾರ ಗುರುತು ಪರಿಶೀಲಿಸಿದ, ತರಬೇತಿ ಪಡೆದ ಸ್ವತಂತ್ರ ಗ್ಯಾರೇಜುಗಳಿಗೆ ಶುಲ್ಕದ ಮೇಲೆ ಪ್ರವೇಶ ಕೊಡುವುದು. ಯಾರು, ಯಾವ ದಿನ, ಯಾವ ಚಾಸಿ ನಂಬರಿಗೆ ಸಂಖ್ಯೆ ಕೇಳಿದರೆಂಬ ದಾಖಲೆ ಉಳಿಯುವ ವ್ಯವಸ್ಥೆಯಲ್ಲಿ ಕಳ್ಳನಿಗೆ ಜಾಗವಿಲ್ಲ. ಜಿಲ್ಲಾ ಸಂಸ್ಥೆಗಳು ಮಾರಾಟಗಾರರೊಡನೆ ವಾಹನಗಳ ಸಗಟು ಖರೀದಿಯ ಮಾತುಕತೆ ನಡೆಸುವಾಗ ದರದ ರಿಯಾಯಿತಿಯ ಜೊತೆಗೆ ಇಂತಿಷ್ಟು ದಿನಗಳೊಳಗೆ ಪ್ರೋಗ್ರಾಮಿಂಗ್ ಮುಗಿಸಿಕೊಡುವ ಲಿಖಿತ ಷರತ್ತನ್ನೂ ಕೇಳಬಹುದು. ಐದು ಸಾವಿರ ರೂಪಾಯಿ ರಿಯಾಯಿತಿಗಿಂತ ಆ ಷರತ್ತಿಗೆ ಬೆಲೆ ಹೆಚ್ಚು. ಪ್ರತಿ ತಾಲ್ಲೂಕಿನ ಗ್ಯಾರೇಜುಗಳ ಸಂಘ ಸ್ಥಿರ ವೋಲ್ಟೇಜಿನ ಚಾರ್ಜರ್ ಹಾಗೂ ಉತ್ತಮ ಸ್ಕ್ಯಾನರನ್ನು ಪಾಲುದಾರಿಕೆಯಲ್ಲಿ ಕೊಂಡರೆ ರೋಗನಿರ್ಣಯದ ಹಂತವಾದರೂ ಸ್ಥಳೀಯವಾಗಿ ಮುಗಿದೀತು.

ಅಲ್ಲಿಯವರೆಗೆ ಮಾಲೀಕನ ಕೈಯಲ್ಲಿರುವುದು ಕಾಗದಪತ್ರಗಳ ಶಿಸ್ತು. ವಾಹನ ಹೊಸದಿರುವಾಗಲೇ ಎರಡೂ ಕೀಲಿಗಳನ್ನು, ಕೊಟ್ಟಿದ್ದರೆ ರಹಸ್ಯ ಸಂಖ್ಯೆಯ ಚೀಟಿಯನ್ನು ಜೋಪಾನ ಮಾಡುವುದು. ಸರ್ವಿಸಿಗೆ ಬಿಟ್ಟಾಗ ಇಂಜೆಕ್ಟರುಗಳ ಸಂಕೇತ ಮತ್ತು ಇ.ಸಿ.ಯು. ಮೇಲಿನ ಚೀಟಿಯ ಛಾಯಾಚಿತ್ರ ತೆಗೆಸಿ ಆರ್.ಸಿ. ಪುಸ್ತಕದ ಪ್ರತಿಯೊಡನೆ ಇಡುವುದು. ಬದಲಾವಣೆಯ ಬಿಲ್ಲಿನಲ್ಲಿ ಬಿಡಿಭಾಗ, ದೋಷಪತ್ತೆ, ಪ್ರೋಗ್ರಾಮಿಂಗ್ ಮೂರನ್ನೂ ಬೇರೆ ಬೇರೆ ಸಾಲುಗಳಲ್ಲಿ ಕೇಳುವುದು. ಹಳೆಯ ಪೆಟ್ಟಿಗೆಯನ್ನು, ವಾರಂಟಿಯಡಿ ತಯಾರಕರಿಗೆ ಮರಳಿಸಬೇಕಾದ ಸಂದರ್ಭ ಬಿಟ್ಟರೆ, ಗ್ಯಾರೇಜಿನಲ್ಲಿಯೇ ಬಿಟ್ಟು ಬರಬಾರದು. ಒಂದು ಟ್ರಾನ್ಸಿಸ್ಟರು ಸುಟ್ಟ ಪೆಟ್ಟಿಗೆಯನ್ನು ಬೆಸುಗೆ ಹಾಕಿ ಬದುಕಿಸಬಲ್ಲ ಕುಶಲಿಗರಿದ್ದಾರೆ. ಹಾಗೆ ಬದುಕಿದರೆ ತನ್ನದೇ ಚಾಸಿ ನಂಬರು, ತನ್ನದೇ ಕೀಲಿಯ ಗುರುತುಳ್ಳ ಬದಲಿ ಪೆಟ್ಟಿಗೆಯೊಂದು ಮಾಲೀಕನ ಬೀರುವಿನಲ್ಲಿರುತ್ತದೆ. ಬದುಕದಿದ್ದರೆ ಅದನ್ನು ಗುಜರಿಗೆ ಹಾಕುವಾಗಲೂ ಮಾರಾಟದ ಚೀಟಿಯಲ್ಲಿ ಅದರ ಸಂಖ್ಯೆಯನ್ನು ಬರೆಸಿಕೊಂಡು, ಬಂದ ಹಣವನ್ನು ದುರಸ್ತಿಯ ಖಾತೆಗೇ ಜಮಾ ಮಾಡಬೇಕು.